ಮೊದಲು ಉಪ್ಪುನೀರಿನ ಡ್ರಮ್ ನೋಡಿ: ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಹಿರಂಗ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ವಿಷಯ: ಹಳೆಯ ಲಿಥಿಯಂ ಬ್ಯಾಟರಿ ಬಿಚ್ಚುವ ಘಟಕಗಳಲ್ಲಿ ಉಪ್ಪುನೀರಿನಲ್ಲಿ ಚಾರ್ಜ್ ಇಳಿಸುವ ಪದ್ಧತಿ ನಿಲ್ಲಿಸುವ ಬಗ್ಗೆ.

ಮಾನ್ಯರೇ,

ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿ ತಂದ ಮೊದಲ ರಾಜ್ಯ ನಮ್ಮದು. ಅದು 2017ರ ಮಾತು. ಆಗಿನಿಂದ ಬೆಂಗಳೂರಿನ ರಸ್ತೆಗಿಳಿದ ಸ್ಕೂಟರು, ಆಟೋಗಳ ಬ್ಯಾಟರಿಗಳಿಗೆ ಈಗ ಒಂದೊಂದಾಗಿ ವಯಸ್ಸಾಗುತ್ತಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ರಿಸೈಕಲ್ ಮಾಡುವವರು ರಾಜ್ಯ ಮಂಡಳಿಯಲ್ಲೇ ನೋಂದಾಯಿಸಿಕೊಳ್ಳಬೇಕು. ಇಂಥ ಘಟಕಗಳ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಆಮ್ಲದ ಟ್ಯಾಂಕು, ಫಿಲ್ಟರ್ ಪ್ರೆಸ್ಸು, ಕ್ರಿಸ್ಟಲೈಸರ್ ಎಲ್ಲದಕ್ಕೂ ಚಂದದ ಚಿತ್ರವಿರುತ್ತದೆ. ಅದಕ್ಕೂ ಮೊದಲಿನ ಹೆಜ್ಜೆ, ಅಂದರೆ ಚೂರು ಮಾಡುವಾಗ ಬೆಂಕಿ ಏಳದಂತೆ ಸೆಲ್ಲುಗಳ ಚಾರ್ಜ್ ಇಳಿಸುವುದು, ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಬ್ಯಾಟರಿಗಳನ್ನು ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ಚಾರ್ಜ್ ಇಳಿಸಲಾಗುವುದು.

ಬ್ಯಾಟರಿ ಮತ್ತು ಕೆಮಿಕಲ್ ಎಂಜಿನಿಯರಿಂಗ್ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಆ ವಿಧಾನ ಯಾಕೆ ಇಷ್ಟು ಹರಡಿದೆ ಎಂಬುದು ಗೊತ್ತಿರುವ ವಿಚಾರವೇ. 200 ಲೀಟರಿನ ನೀಲಿ ಡ್ರಮ್ಮು, ನೂರು ಲೀಟರಿಗೆ 5ರಿಂದ 10 ಕೆಜಿ ಉಪ್ಪು, ಮುಗಿಯಿತು. ಕರೆಂಟು ಬೇಡ, ಮೀಟರ್ ಬೇಡ, ಕಲಿತ ಕೈ ಬೇಡ. ಸಂಶೋಧನಾ ಪ್ರಬಂಧಗಳಲ್ಲೂ ಬೇಕಾದಷ್ಟು ಕಡೆ ಇದೇ ವಿಧಾನವಿದೆ. ಆದರೆ ಅಲ್ಲಿ ಮುಳುಗಿಸುವುದು ಬೀಕರಿನಲ್ಲಿ ಒಂದೋ ಎರಡೋ ಸೆಲ್ಲು, ಅದೂ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನ ಕೆಳಗೆ. ಷೆಡ್ಡಿನ ಮೂಲೆಯಲ್ಲಿ ಟನ್‌ಗಟ್ಟಲೆ ಮಾಲಿಗೆ ಅದನ್ನೇ ಹಚ್ಚಿದರೆ ನಡೆಯುವುದೇ ಬೇರೆ.

18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ ಒಂದನ್ನು ಉಪ್ಪುನೀರಿಗೆ ಬಿಟ್ಟು ನೋಡಿ. ಇದರ ಡಬ್ಬಿಯ ಮೈಯೆಲ್ಲ ಋಣ ತುದಿ, ಮೇಲಿನ ಟೊಪ್ಪಿಯಷ್ಟೇ ಧನ ತುದಿ. ಬಿಟ್ಟ ಕೂಡಲೇ ಡಬ್ಬಿಯ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಹೈಡ್ರೋಜನ್. ಟೊಪ್ಪಿಯ ಸುತ್ತ ಮೊದಲು ತಿಳಿ ಹಸಿರು ಕಾಣುತ್ತದೆ, ನಿಕ್ಕಲ್ ಲೇಪ ಕರಗುತ್ತಿದೆ ಎಂದರ್ಥ. ಆಮೇಲೆ ಕಂದು ರಾಡಿ ಇಳಿಯಲು ಶುರುವಾಗುತ್ತದೆ, ಅದು ಒಳಗಿನ ಉಕ್ಕು. ಸೆಲ್ಲಿನಲ್ಲಿದ್ದ ಚಾರ್ಜಿನ ಒಂದು ಪಾಲು ನೀರನ್ನು ಒಡೆಯಲಿಕ್ಕೂ ಉಕ್ಕನ್ನು ತಿನ್ನಲಿಕ್ಕೂ ಖರ್ಚಾಗುತ್ತದೆ, ನಿಜ. ಆದರೆ ಚಾರ್ಜ್ ಪೂರ್ತಿ ಇಳಿಯುವ ಮೊದಲೇ ಟೊಪ್ಪಿ ತಿಂದುಹೋದರೆ ಕರೆಂಟು ಹರಿಯುವ ದಾರಿಯೇ ಕಡಿಯುತ್ತದೆ. ಗುಳ್ಳೆ ನಿಲ್ಲುತ್ತದೆ. ಹೊರತೆಗೆದು ಮೀಟರ್ ಹಚ್ಚಿದರೆ ಸೊನ್ನೆ. ಒಳಗಿನ ಸುರುಳಿಯಲ್ಲಿ ಉಳಿದ ಚಾರ್ಜು ಹಾಗೇ ಕೂತಿರುತ್ತದೆ. ಇದೇ ಸೆಲ್ಲು ಚೂರು ಮಾಡುವ ಷ್ರೆಡ್ಡರಿಗೆ ಹೋದಾಗ ಬ್ಲೇಡು ಸುರುಳಿಯನ್ನು ಸೀಳಿ ಶಾರ್ಟ್ ಮಾಡುತ್ತದೆ, ಬೆಂಕಿ ಏಳುತ್ತದೆ. ‘ಡಿಸ್ಚಾರ್ಜ್ ಆದ ಮಾಲಿಗೆ ಬೆಂಕಿ ಹೇಗೆ ಬಿತ್ತು’ ಎಂದು ತಲೆ ಕೆರೆದುಕೊಳ್ಳುವವರು ಆ ಟೊಪ್ಪಿಗಳನ್ನು ಒಮ್ಮೆ ನೋಡಬೇಕು.

ಬಿಚ್ಚದ ಇಡೀ ಪ್ಯಾಕನ್ನೇ ಮುಳುಗಿಸಿದರೆ ಇನ್ನೂ ಕಷ್ಟ. ಪ್ಯಾಕಿನೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಒಂದರ ಹಿಂದೊಂದು ಸಾಲಾಗಿ ಜೋಡಿಸಿದ ಸೆಲ್ಲಿನ ಗುಂಪುಗಳಲ್ಲಿ ಯಾವುದೋ ಒಂದು ಸೊರಗಿ ಅದರ ವೋಲ್ಟೇಜ್ ಕೆಳಗಿಳಿದರೆ ಸಾಕು, ಬಿಎಂಎಸ್ ಹೊರಗಿನ ತುದಿಯನ್ನು ಕಡಿದುಬಿಡುತ್ತದೆ. ಹೊರಗೆ ಸೊನ್ನೆ, ಒಳಗೆ ಉಳಿದ ಗುಂಪುಗಳು ತುಂಬಿಕೊಂಡೇ ಇರಬಹುದು. ಕೆಟ್ಟುಹೋಗಿ ವಾಪಸ್ ಬಂದ ಪ್ಯಾಕುಗಳಲ್ಲಿ ಇದು ಅಪರೂಪವಲ್ಲ, ಎಷ್ಟೋ ಸಲ ಕೆಟ್ಟಿರುವುದೇ ಬಿಎಂಎಸ್. ಆದ್ದರಿಂದ ಕನೆಕ್ಟರಿನಲ್ಲಿ ಅಳೆದ ವೋಲ್ಟೇಜನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರೆ ಅದನ್ನು ಪುರಾವೆ ಎಂದು ದಯವಿಟ್ಟು ಒಪ್ಪಬೇಡಿ.

ಹೈಡ್ರೋಜನ್ ಲೆಕ್ಕವನ್ನೂ ಒಮ್ಮೆ ಹಾಕೋಣ. 60 ವೋಲ್ಟ್, 30 ಆಂಪಿಯರ್-ಅವರ್‌ನ ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ) ಸ್ಕೂಟರ್ ಪ್ಯಾಕಿನಲ್ಲಿ 16 ಗುಂಪುಗಳು ಸಾಲಾಗಿರುತ್ತವೆ. ಪ್ರತಿ ಆಂಪಿಯರ್-ಅವರ್‌ಗೆ ಹುಟ್ಟುವ ಹೈಡ್ರೋಜನ್ ಸುಮಾರು 0.45 ಲೀಟರ್. ಗುಂಪುಗಳನ್ನು ಬಿಡಿಸಿ, ತುಂಬಿದ ಚಾರ್ಜಿನಲ್ಲೇ ಮುಳುಗಿಸಿದರೆ 16 ಗುಂಪೂ ಸೇರಿ 200 ಲೀಟರಿಗೂ ಹೆಚ್ಚು ಹುಟ್ಟಬಹುದು. ಗಾಳಿಯಲ್ಲಿ ಹೈಡ್ರೋಜನ್ ಶೇ 4 ದಾಟಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ, ಅಂದರೆ ಒಂದೇ ಪ್ಯಾಕು 5 ಘನ ಮೀಟರ್ ಗಾಳಿಯನ್ನು ಆ ಮಟ್ಟಕ್ಕೆ ತರಬಲ್ಲದು. ಹತ್ತು ಪ್ಯಾಕು, ತಗಡಿನ ಮಾಡು, ರಾತ್ರಿ ಷಟರ್ ಎಳೆದು ಬೀಗ. ಬೆಳಗ್ಗೆ ಬಂದವರು ಮೊದಲು ಒತ್ತುವುದು ಲೈಟಿನ ಸ್ವಿಚ್ಚು.

ನಿಮ್ಮ ಮಂಡಳಿಗೆ ಇದಕ್ಕಿಂತ ಹತ್ತಿರದ ವಿಷಯ ನೀರಿನದು. ಸೆಲ್ಲಿನೊಳಗಿನ ಎಲೆಕ್ಟ್ರೊಲೈಟ್ ಎಂದರೆ ಕಾರ್ಬೊನೇಟ್ ಸಾಲ್ವೆಂಟುಗಳಲ್ಲಿ ಕರಗಿಸಿದ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಆ ಸಾಲ್ವೆಂಟುಗಳಲ್ಲಿ ಒಂದಾದ ಡೈಮೀಥೈಲ್ ಕಾರ್ಬೊನೇಟಿನ ಆವಿ 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬೆಂಕಿಗೆ ಹತ್ತುತ್ತದೆ. ಬೆಂಗಳೂರಿನ ಡಿಸೆಂಬರ್ ಮಧ್ಯಾಹ್ನವೂ ಅದಕ್ಕಿಂತ ಬೆಚ್ಚಗಿರುತ್ತದೆ. ಆ ಹೆಕ್ಸಾಫ್ಲೋರೋಫಾಸ್ಫೇಟ್ ಲವಣದ ಗುಣ ಇನ್ನೂ ವಿಚಿತ್ರ. ಸಾಲ್ವೆಂಟಿನಲ್ಲಿರುವಾಗ ಚೂರೇ ಚೂರು ತೇವ ಸೋಕಿದರೂ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಕೊಡುತ್ತದೆ. ಅದೇ ಲವಣ ಧಾರಾಳ ನೀರಿಗೆ ಬಿದ್ದರೆ ಅದರ ಹೆಕ್ಸಾಫ್ಲೋರೋಫಾಸ್ಫೇಟ್ ಅಯಾನು ಒಡೆಯದೆ ಬಹಳ ಕಾಲ ಹಾಗೇ ಉಳಿದುಬಿಡುತ್ತದೆ. ಸೀಲು ಕೊಳೆತು ಸೋರಿದ ಡ್ರಮ್ಮಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ಇನ್‌ಸ್ಪೆಕ್ಷನ್ ಮೋಸ ಹೋಗುವುದು ಇಲ್ಲೇ. ಫ್ಲೋರೈಡ್ ಅಳೆಯಲು ಸಾಮಾನ್ಯವಾಗಿ ಬಳಸುವ ಎಲೆಕ್ಟ್ರೋಡು ಬಿಡಿ ಫ್ಲೋರೈಡನ್ನು ಮಾತ್ರ ಕಾಣುತ್ತದೆ, ಹೆಕ್ಸಾಫ್ಲೋರೋಫಾಸ್ಫೇಟಿನಲ್ಲಿ ಕಟ್ಟಿಕೊಂಡಿರುವ ಫ್ಲೋರಿನ್ ಅದಕ್ಕೆ ಕಾಣುವುದೇ ಇಲ್ಲ. ಸುಣ್ಣ ಹಾಕಿದರೂ ಅಷ್ಟೆ, ಬಿಡಿ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಕೂರುತ್ತದೆ, ಹೆಕ್ಸಾಫ್ಲೋರೋಫಾಸ್ಫೇಟ್ ನೀರಿನಲ್ಲೇ ಮುಂದಕ್ಕೆ ಹೋಗುತ್ತದೆ. ಲ್ಯಾಬ್ ರಿಪೋರ್ಟು ‘ಮಿತಿಯೊಳಗಿದೆ’ ಎನ್ನುತ್ತದೆ, ನೀರು ಮೋರಿ ಸೇರುತ್ತದೆ. ಸ್ಯಾಂಪಲ್ಲನ್ನು ಮೊದಲು ಆಮ್ಲದಲ್ಲಿ ಬಿಸಿ ಮಾಡಿ ಒಡೆದು ಅಳೆಯಬೇಕು, ಇಲ್ಲವೇ ಅಯಾನ್ ಕ್ರೊಮಟೊಗ್ರಫಿಯಲ್ಲಿ ಹೆಕ್ಸಾಫ್ಲೋರೋಫಾಸ್ಫೇಟನ್ನೇ ಹುಡುಕಬೇಕು. ಇದೊಂದು ಸಾಲನ್ನು ಕನ್ಸೆಂಟಿನ, ಅಂದರೆ ಘಟಕ ನಡೆಸಲು ಮಂಡಳಿ ಕೊಡುವ ಅನುಮತಿಯ, ಷರತ್ತಿಗೆ ಸೇರಿಸಲು ಮಂಡಳಿಗೆ ಹೊಸ ಕಾನೂನೇನೂ ಬೇಕಾಗಲಾರದು.

ಪ್ರಮಾಣ ಎಷ್ಟು ಎಂದರೆ, ಒಂದು ಕೆಜಿ ಸೆಲ್ಲಿನಲ್ಲಿ ಅಂದಾಜು 120 ಗ್ರಾಂ ಎಲೆಕ್ಟ್ರೊಲೈಟ್, ಅದರಲ್ಲಿ ಸುಮಾರು 15 ಗ್ರಾಂ ಈ ಲವಣ, ಅದರ ತೂಕದ ಮುಕ್ಕಾಲು ಪಾಲು ಫ್ಲೋರಿನ್. ಹೆಚ್ಚುಕಡಿಮೆ 11 ಗ್ರಾಂ. ಅಷ್ಟೂ ಫ್ಲೋರೈಡಾಗಿ ಬಿಡುಗಡೆಯಾದರೆ ಕುಡಿಯುವ ನೀರಿನ ಮೇಲ್ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂಗೆ ತಗ್ಗಿಸಲು 7,000 ಲೀಟರಿಗೂ ಹೆಚ್ಚು ನೀರು ಬೇಕು. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಸಂಪಿಗೆ ಹೊಡೆಸುವ 6,000 ಲೀಟರಿನ ಟ್ಯಾಂಕರು ಒಂದು ಕೆಜಿ ಸೆಲ್ಲಿಗೆ ಸಾಲದು.

ಈ ಊರಿಗೆ ಸಮುದ್ರವಿಲ್ಲ, ದೊಡ್ಡ ಹೊಳೆಯೂ ಇಲ್ಲ. ಪೀಣ್ಯದ ಕಡೆಯ ಮೋರಿ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಸಾಮಾನ್ಯ ಕೊಳಚೆ ಶುದ್ಧೀಕರಣ ಘಟಕ ಕರಗಿದ ಲವಣವನ್ನು ತೆಗೆಯುವುದಿಲ್ಲ; ಲಿಥಿಯಂ, ಸಲ್ಫೇಟ್, ಫ್ಲೋರೈಡ್ ಎಲ್ಲವೂ ಹಾದುಹೋಗುತ್ತವೆ. ಕೋಲಾರದ ಅಂತರ್ಜಲದಲ್ಲಿ ಫ್ಲೋರೈಡ್ ಮೊದಲೇ ಹೆಚ್ಚು. ಅಲ್ಲಿಗೆ ನಮ್ಮ ಸ್ಕೂಟರುಗಳ ಫ್ಲೋರೈಡನ್ನೂ ಕಳಿಸುವುದು ಬೇಡ.

ಹಾಗಾದರೆ ಚಾರ್ಜ್ ಇಳಿಸುವುದು ಹೇಗೆ? ನೀರಿಲ್ಲದೆ ಇಳಿಸಬಹುದು, ದೊಡ್ಡ ಬಂಡವಾಳವೂ ಬೇಡ. ಮೇಲೆ ಹೇಳಿದ 60 ವೋಲ್ಟ್ ಪ್ಯಾಕಿಗೆ 12 ಓಮಿನ ರೆಸಿಸ್ಟರ್ ಹಚ್ಚಿದರೆ ಸುಮಾರು 5 ಆಂಪಿಯರ್ ಹರಿಯುತ್ತದೆ, 6 ಗಂಟೆಯಲ್ಲಿ ಖಾಲಿ. ಹುಟ್ಟುವ ಬಿಸಿ 300 ವ್ಯಾಟ್, ಪೂರ್ತಿ ಚಾರ್ಜಿನಲ್ಲಿ 370ರ ಆಸುಪಾಸು. ಹಾಗಾಗಿ ಕನಿಷ್ಠ 600 ವ್ಯಾಟ್ ತಾಳುವ ರೆಸಿಸ್ಟರ್, ಹಿಂದೊಂದು ಫ್ಯಾನ್, ಸುತ್ತ ಒಂದು ಮೀಟರಿನೊಳಗೆ ರಟ್ಟು ಥರ್ಮೊಕೋಲ್ ಏನೂ ಇರಬಾರದು. ಹಣ ಇದ್ದವರು ರೀಜನರೇಟಿವ್ ಸೈಕ್ಲರ್ ಹಾಕಿಕೊಂಡು ಆ ಕರೆಂಟನ್ನು ವಾಪಸ್ ತಂತಿಗೆ ಕೊಡಬಹುದು.

ಪ್ಯಾಕ್ ಮಟ್ಟದಲ್ಲಿ ಪೂರ್ತಿ ಸೊನ್ನೆಗೆ ಇಳಿಸಬಾರದು. 16 ಗುಂಪಿಗೆ ತಲಾ 2.5 ವೋಲ್ಟಿನಂತೆ 40 ವೋಲ್ಟಿಗೆ ನಿಲ್ಲಿಸಬೇಕು. ಅದಕ್ಕೂ ಕೆಳಗೆ ಎಳೆದರೆ ಸೊರಗಿದ ಗುಂಪನ್ನು ಉಳಿದವು ಸೇರಿ ಉಲ್ಟಾ ಚಾರ್ಜ್ ಮಾಡುತ್ತವೆ, ಅದು ಉಬ್ಬಿ ಬಿಸಿಯಾಗುತ್ತದೆ. 40ಕ್ಕೆ ಬಂದ ಮೇಲೆ, ಅಥವಾ ಬಿಎಂಎಸ್ ಕಡಿದ ಮೇಲೆ, ಪ್ಯಾಕ್ ಬಿಚ್ಚಬೇಕು. ಇನ್ಸುಲೇಷನ್ ಇರುವ ಸ್ಕ್ರೂಡ್ರೈವರು, ಕೈಯಲ್ಲಿ ಉಂಗುರ, ವಾಚು, ಕಡಗ ಇರಕೂಡದು. ಪ್ರತಿ ಗುಂಪಿನ ವೋಲ್ಟೇಜನ್ನೂ ಅಳೆದು ಬರೆಯಬೇಕು, ಒಂದು ಪ್ಯಾಕಿಗೆ 16 ಅಂಕಿ. ನಿಮ್ಮ ಅಧಿಕಾರಿ ಕೇಳಬೇಕಾದ ದಾಖಲೆ ಇದು. ಆಮೇಲೆ ಒಂದೊಂದು ಗುಂಪಿಗೂ ಒಂದು ಓಮ್, 25 ವ್ಯಾಟಿನ ರೆಸಿಸ್ಟರ್ ಹಚ್ಚಿ 0.5 ವೋಲ್ಟಿಗಿಂತ ಕೆಳಗಿಳಿಸಿ ರಾತ್ರಿಯೆಲ್ಲ ಹಾಗೇ ಬಿಡುವುದು. ತೆಗೆದ ಮೇಲೆ ವೋಲ್ಟೇಜ್ ಮತ್ತೆ ಸ್ವಲ್ಪ ಏರುತ್ತದೆ, ಅದು ಸಹಜ. ಮರುದಿನ 1 ವೋಲ್ಟ್ ದಾಟಿದ್ದರೆ ಮತ್ತೊಂದು ಸುತ್ತು.

ಒಂದು ಎಚ್ಚರಿಕೆ. ಹೀಗೆ ಸೊನ್ನೆಗೆ ಇಳಿಸಿದ ಸೆಲ್ಲು ಮತ್ತೆ ಚಾರ್ಜಿಗೆ ಲಾಯಕ್ಕಲ್ಲ. ಋಣ ಹಾಳೆಯ ತಾಮ್ರ ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಕರಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಮಾಡುತ್ತದೆ. ಮರುಬಳಕೆಗೆ ಹೋಗುವ ಸೆಲ್ಲನ್ನು ಇದಕ್ಕೂ ಮೊದಲೇ ಬೇರ್ಪಡಿಸಬೇಕು. ಇಳಿಸಿದವನ್ನು ಬಣ್ಣ ಬಳಿದು ಗುರುತು ಮಾಡಬೇಕು. ಇಲ್ಲದಿದ್ದರೆ ಅವು ಗುಜರಿ ದಾರಿಯಲ್ಲೇ ಪವರ್ ಬ್ಯಾಂಕ್ ಕಟ್ಟುವವರ ಕೈ ಸೇರುತ್ತವೆ.

ಜಜ್ಜಿಹೋದ, ನೀರು ಕುಡಿದ, ತಂತಿ ಹಚ್ಚಲಾಗದ ಸೆಲ್ಲುಗಳೂ ಇರುತ್ತವೆ ಎಂಬುದು ನಿಜ. ಅವಕ್ಕೆ ದ್ರಾವಣ ಬೇಕೇ ಬೇಕು ಎಂದರೆ ಅಡುಗೆ ಉಪ್ಪು ಬಿಟ್ಟು ವಾಷಿಂಗ್ ಸೋಡಾದಂಥ ಕಾರ್ಬೊನೇಟ್ ಬಳಸಲಿ, ಉಕ್ಕು ಅಷ್ಟು ಬೇಗ ತಿಂದುಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಮಾಡ್ಯೂಲು, ಮೂರು ಕಡೆ ತೆರೆದ ಜಾಗ, ಆ ನೀರು ಮುಚ್ಚಿದ ಟ್ಯಾಂಕಿಗೆ. ಇದು ವಿನಾಯಿತಿಯಾಗಿರಲಿ, ನಿತ್ಯದ ಪದ್ಧತಿಯಾಗದಿರಲಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಂಥ ಮಳೆ ಮತ್ತೆ ಬಂದರೆ ಇಂಥ ಪ್ಯಾಕುಗಳು ಒಂದೇ ವಾರದಲ್ಲಿ ರಾಶಿ ಬೀಳುತ್ತವೆ. ನೀರು ಕುಡಿದ ಪ್ಯಾಕು ದಿನಗಳ ನಂತರವೂ ಹತ್ತಿಕೊಳ್ಳಬಲ್ಲದು, ಆದ್ದರಿಂದ ಅದನ್ನು ಕಟ್ಟಡದಿಂದ 15 ಮೀಟರ್ ದೂರ ಬಯಲಲ್ಲಿಟ್ಟು ದಿನಕ್ಕೆರಡು ಸಲ ಬಿಸಿ ಅಳೆಯಬೇಕು. ಹತ್ತಿಕೊಂಡರೆ ಮರಳು, ಪೌಡರು ಸಾಲದು. ಜ್ವಾಲೆ ಆರಿದರೂ ಒಳಗಿನ ಬಿಸಿ ಉಳಿದು ಮತ್ತೆ ಏಳುತ್ತದೆ. ಬೇಕಾದ್ದು ಧಾರಾಳ ನೀರು. ಆ ನೀರನ್ನೂ ಹಿಡಿದಿಡುವ ಗುಂಡಿ ಇರಬೇಕು, ಅಗ್ನಿಶಾಮಕ ಇಲಾಖೆ ಮತ್ತು ಮಂಡಳಿ ಒಟ್ಟಿಗೆ ಕೂತು ಬರೆಯಬೇಕಾದ ಷರತ್ತು ಇದು.

ಇನ್ನು ಪೇಟೆಂಟುಗಳ ಮಾತು. ‘ನಮ್ಮದು ಹೊಸ ಆವಿಷ್ಕಾರ, ಶೇ 98 ಲೋಹ ವಾಪಸ್’ ಎಂಬ ಸಾಲು ಇಲ್ಲದ ಪ್ರಾಜೆಕ್ಟ್ ರಿಪೋರ್ಟೇ ಅಪರೂಪ. ಆವಿಷ್ಕಾರಗಳ ಬಗ್ಗೆ ನಮಗೆ ತಕರಾರಿಲ್ಲ. ಇವತ್ತು ಆಟೋಗಳಲ್ಲಿ ಓಡುವ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಬ್ಯಾಟರಿ ಕೂಡ 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಪ್ರಕಟಿಸಿದ ಒಂದು ಪ್ರಬಂಧದಿಂದ ಬಂದದ್ದೇ. (ಗುಡ್‌ಇನಫ್ ಅವರ ಹೆಸರು 2019ರ ನೊಬೆಲ್‌ನಿಂದಾಗಿ ಎಲ್ಲರಿಗೂ ಗೊತ್ತು. ಉಳಿದ ಎರಡು ಹೆಸರುಗಳನ್ನು ನಮ್ಮ ಪಠ್ಯಗಳೂ ಹೇಳಿದ್ದರೆ ಚೆನ್ನಾಗಿತ್ತು.) ಕೇಳಬೇಕಾದ ಪ್ರಶ್ನೆ ಒಂದೇ: ಶೇ 98 ಯಾವುದರ ಮೇಲೆ? ಲೋಹ ತೆಗೆಯಲು ಬ್ಯಾಟರಿಯ ಪುಡಿಯನ್ನು ಆಮ್ಲದಲ್ಲಿ ಕರಗಿಸುತ್ತಾರೆ; ಹಾಗೆ ಕರಗಿದ್ದರ ಮೇಲೋ, ಗೇಟಿನೊಳಗೆ ಬಂದ ಬ್ಯಾಟರಿಯ ಮೇಲೋ?

ಲಿಥಿಯಂ ಉದಾಹರಣೆ ಸಾಕು. ಕೊನೆಗೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಹಾಕಿ ಅದನ್ನು ಲಿಥಿಯಂ ಕಾರ್ಬೊನೇಟಾಗಿ ಇಳಿಸುತ್ತಾರೆ. ಈ ಲವಣ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ, ಅದಕ್ಕೇ 90 ಡಿಗ್ರಿಗೆ ಕಾಯಿಸುವುದು. ಆಗಲೂ ಲೀಟರಿಗೆ 7 ಗ್ರಾಂ ಆಸುಪಾಸು ಕಾರ್ಬೊನೇಟ್, ಅಂದರೆ 1.3 ಗ್ರಾಂ ಚಿಲ್ಲರೆ ಲಿಥಿಯಂ, ನೀರಿನಲ್ಲೇ ಉಳಿಯುತ್ತದೆ. ದ್ರಾವಣದಲ್ಲಿ ಮೊದಲಿದ್ದದ್ದೇ ಲೀಟರಿಗೆ 5 ಗ್ರಾಂ ಆದರೆ ಕಾಲು ಭಾಗ ಕೈಬಿಟ್ಟಂತೆ. ಮೊದಲು ಆವಿಯಾಗಿಸಿ 20 ಗ್ರಾಂಗೆ ಗಟ್ಟಿ ಮಾಡಿಕೊಂಡರೆ ನಷ್ಟ ಶೇ 7ಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ ಇವ್ಯಾಪರೇಟರ್ ಇಲ್ಲ, ಉಳಿದ ನೀರನ್ನು ಮತ್ತೆ ಒಳಗೆ ತಿರುಗಿಸುವ ಪೈಪೂ ಇಲ್ಲ, ಆದರೂ ಶೇ 98 ಇದೆ ಎಂದರೆ ಲೆಕ್ಕ ಕೂಡುವುದಿಲ್ಲ.

ಸಲ್ಫೇಟಿನದೂ ಇದೇ ಕಥೆ. ಬಳಸಿದ ಒಂದು ಟನ್ ಗಂಧಕಾಮ್ಲವನ್ನು ಕಾಸ್ಟಿಕ್ ಸೋಡಾ ಹಾಕಿ ಶಮನ ಮಾಡಲು 0.8 ಟನ್ ಕಾಸ್ಟಿಕ್ ಬೇಕು, ಹುಟ್ಟುವುದು 1.45 ಟನ್ ಸೋಡಿಯಂ ಸಲ್ಫೇಟ್. ಅದನ್ನು ಒಣಗಿಸಿ ಮಾರುವ ಗಿರಾಕಿ ಯಾರು ಎಂದು ಕೇಳಿ. ಹೆಸರಿಲ್ಲದಿದ್ದರೆ ಅದು ಹೋಗುವ ದಾರಿ ರಾಜಕಾಲುವೆ ಎಂದು ಊಹಿಸಲು ಎಂಜಿನಿಯರೇ ಆಗಬೇಕಿಲ್ಲ.

ಎಲ್‌ಎಫ್‌ಪಿ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ, ಲಿಥಿಯಂ ಶೇ 4.4 ಅಷ್ಟೇ. ಲಾಭ ಕಡಿಮೆ ಎಂದು ಅದನ್ನು ಎನ್‌ಎಂಸಿ ಪುಡಿಯ ಜೊತೆ ಬೆರೆಸಿಬಿಟ್ಟರೆ ಕಬ್ಬಿಣ ಮತ್ತು ಫಾಸ್ಫೇಟ್ ಎರಡೂ ಆಮ್ಲಕ್ಕಿಳಿದು, ಅವನ್ನು ತೆಗೆಯಲು ಇನ್ನಷ್ಟು ರಾಸಾಯನಿಕ, ಇನ್ನಷ್ಟು ಕೆಸರು, ಆ ಕೆಸರಿನ ಜೊತೆ ಒಂದಿಷ್ಟು ನಿಕ್ಕಲ್ಲೂ ಹೋಗುತ್ತದೆ. ಬೇರೆಯಾಗಿಟ್ಟರೆ ಲೆಕ್ಕಕ್ಕೆ ತಕ್ಕಷ್ಟೇ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಲಿಥಿಯಂ ಮಾತ್ರ ಕರಗಿಸಿ ಕಬ್ಬಿಣದ ಫಾಸ್ಫೇಟನ್ನು ಘನವಾಗಿಯೇ ಉಳಿಸಬಹುದು. ಗೇಟಿನಲ್ಲಿ ಗುರುತಿಸುವುದೂ ಸುಲಭ: ಚಾರ್ಜಿನಿಂದ ತೆಗೆದು ಒಂದಿಷ್ಟು ಹೊತ್ತಾದ ಮೇಲೂ ಸೆಲ್ 3.7 ವೋಲ್ಟ್ ತೋರಿಸಿದರೆ ಅದು ಎಲ್‌ಎಫ್‌ಪಿ ಅಲ್ಲ. ಸತ್ತ ಸೆಲ್ಲಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಲೇಬಲ್ಲೇ ಗತಿ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹೊಸ ಕನ್ಸೆಂಟುಗಳಲ್ಲಿ ಅಡುಗೆ ಉಪ್ಪಿನ ದ್ರಾವಣದಲ್ಲಿ ಚಾರ್ಜ್ ಇಳಿಸುವುದನ್ನು ನೇರವಾಗಿ ನಿಷೇಧಿಸಿ. ಹಳಬರಿಗೆ ಬದಲಾಯಿಸಿಕೊಳ್ಳಲು ಆರು ತಿಂಗಳು ಕೊಡಿ. ಗುಂಪುವಾರು ವೋಲ್ಟೇಜಿನ ರಿಜಿಸ್ಟರ್ ಕಡ್ಡಾಯವಾಗಲಿ. ಹೊರಹೋಗುವ ನೀರಿನಲ್ಲಿ ಒಡೆದ ಮೇಲಿನ ಒಟ್ಟು ಫ್ಲೋರೈಡನ್ನು ಅಳೆಯಲಿ. ಪರಿಶೀಲನೆಗೆ ಹೋದವರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ತೆರೆಸಿ ನೋಡಲಿ. ಹೈಡ್ರೋಫ್ಲೋರಿಕ್ ಆಮ್ಲ ಸೋಕಿದ ಕೈ ಕೆಲವೊಮ್ಮೆ ಗಂಟೆಗಳ ನಂತರವೇ ನೋಯುವುದು, ಅಷ್ಟರಲ್ಲಿ ಅದು ಆಳಕ್ಕೆ ಇಳಿದಿರುತ್ತದೆ. ನೀರಿನಲ್ಲಿ ತೊಳೆದು ಕೂಡಲೇ ಹಚ್ಚಬೇಕಾದ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ಲಿನ ಟ್ಯೂಬು ಆ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ, ಒಳಗೆ ಏನು ಬಿಚ್ಚುತ್ತಿದ್ದೇವೆ ಎಂಬುದು ಆ ಘಟಕಕ್ಕೇ ಗೊತ್ತಿಲ್ಲ ಎಂದು ತಿಳಿಯಬಹುದು.

ಸಣ್ಣ ಘಟಕಗಳಿಗೆ ಇದೆಲ್ಲ ಹೊರೆ ಎಂಬ ಮಾತು ಬರುತ್ತದೆ, ಅದರಲ್ಲಿ ಸತ್ಯವೂ ಇದೆ. ರೆಸಿಸ್ಟರಿನ ಖರ್ಚು ದೊಡ್ಡದಲ್ಲ, ಜಾಗದ್ದೇ ತೊಂದರೆ. ಪೀಣ್ಯದಲ್ಲೊಂದು, ಬೊಮ್ಮಸಂದ್ರ-ಜಿಗಣಿ ಭಾಗದಲ್ಲೊಂದು ಸಾಮೂಹಿಕ ಡಿಸ್ಚಾರ್ಜ್ ಷೆಡ್ಡಿಗೆ ಕೈಗಾರಿಕಾ ಪ್ರದೇಶದ ಜಾಗ ಕೊಡಿಸಲು ಮಂಡಳಿ ಸರ್ಕಾರಕ್ಕೆ ಬರೆಯಲಿ. ಗೋಡೆಯಿಲ್ಲದ ಮಾಡು, ಸಿಮೆಂಟಿನ ಕಟ್ಟೆಗಳು, ರೆಸಿಸ್ಟರ್ ಬ್ಯಾಂಕು, ನೀರು ಹಿಡಿಯುವ ಗುಂಡಿ ಇದ್ದರೆ ಸಾಕು. ಕೆಜಿಗೆ ಇಷ್ಟೆಂದು ದರ ಕಟ್ಟಿ ಬಳಸಲಿ. ಆ ಷೆಡ್ಡಿನ ನಕ್ಷೆ, ಸಾಮಾನಿನ ಪಟ್ಟಿ ಮತ್ತು ಕನ್ನಡದಲ್ಲಿ ಕೆಲಸದ ಕೈಪಿಡಿಯನ್ನು ಹಣ ಪಡೆಯದೆ ಮಾಡಿಕೊಡಲು ನಾವು ತಯಾರಿದ್ದೇವೆ. ಮಂಡಳಿ ದಿನ ಗೊತ್ತುಮಾಡಿದರೆ ಸಾಕು, ಚರ್ಚ್ ಸ್ಟ್ರೀಟಿಗೇ ಬರುತ್ತೇವೆ.

ಇಂತಿ,
ಬೆಂಗಳೂರಿನ ಕೆಲವು ಬ್ಯಾಟರಿ ಮತ್ತು ಕೆಮಿಕಲ್ ಎಂಜಿನಿಯರುಗಳು